ಪಿಯಾನೊ ಇಲ್ಲದ ವೇದಿಕೆ

ವಿಲ್‌ಶೈರ್ ಬುಲೆವಾರ್ಡಿನ ಈ ಬದಿಯಲ್ಲಿ ನಿಂತರೆ ಅಂಬಾಸಡರ್ ಹೋಟೆಲಿನ ದೀಪಗಳು ಕಣ್ಣಿಗೆ ಹೊಡೆಯುತ್ತವೆ. ಒಳಗಿನ ಕೋಕನಟ್ ಗ್ರೋವ್‌ಗೆ ಹೊರಟವರ ಉದ್ದನೆಯ ಕಾರುಗಳು ಒಂದರ ಹಿಂದೊಂದು ತಿರುಗಿ ಒಳಹೋಗುತ್ತಿವೆ. ಹಾಲಿವುಡ್ಡಿನ ನಟನಟಿಯರು ಊಟಕ್ಕೆ ಬರುವ ಬ್ರೌನ್ ಡರ್ಬಿ ಕೂಡ ಇಲ್ಲೇ ಪಕ್ಕದಲ್ಲಿ. ನೀವು ಹೋಗಬೇಕಾದ್ದು ಇವೆರಡಕ್ಕೂ ಅಲ್ಲ. ಕೆನ್ಮೋರ್ ಅವೆನ್ಯೂದ ಮೂಲೆಯಲ್ಲಿ, ದೊಡ್ಡ ಕಟ್ಟಡಗಳ ನಡುವೆ ಯಾರೋ ಮರೆತುಹೋದಂತೆ ಉಳಿದಿರುವ ಚಿಕ್ಕ ಬಂಗಲೆಯೊಂದಿದೆ. ಒಂದು ಕಾಲಕ್ಕೆ ವಾಸದ ಮನೆ, ಈಗ ಹೇಗ್ ಎಂಬ ಕ್ಲಬ್ಬು. ಹೆಚ್ಚೆಂದರೆ ಎಂಬತ್ತೈದು ಜನ ಹಿಡಿಸುವ ಜಾಗ. 1952ರ ಅಕ್ಟೋಬರ್ ತಿಂಗಳು. ಲಾಸ್ ಏಂಜಲಿಸ್‌ನಲ್ಲಿ ರಾತ್ರಿ ಹೊತ್ತಿಗೂ ಕೋಟು ಬೇಕೆನಿಸುವಷ್ಟು ಚಳಿಯಿಲ್ಲ.

ಬಾಗಿಲು ತೆರೆದು ಒಳಗೆ ಬಂದರೆ ಮೊದಲು ಸಿಗುವುದು ಸಿಗರೇಟಿನ ಹೊಗೆ. ಮನೆಯ ನಡುಮನೆಯಷ್ಟೇ ಎತ್ತರದ ಛಾವಣಿ, ಒತ್ತೊತ್ತಾಗಿ ಹಾಕಿದ ಪುಟ್ಟ ಮೇಜುಗಳು. ಪಕ್ಕದವರ ಮೊಣಕೈ ತಾಗದಂತೆ ಕೂರುವುದು ಆಗದ ಮಾತು. ಅದೃಷ್ಟಕ್ಕೆ ನಿಮಗೆ ಮುಂದಿನ ಮೇಜೇ ಸಿಕ್ಕಿದೆ. ವೇದಿಕೆ ಎಂದು ಕರೆಯುವ ಆ ಮೂಲೆ ಎರಡು ಮಾರು ದೂರದಲ್ಲಿದೆ. ಅದನ್ನೇ ನೋಡುತ್ತಾ ಕೂತರೆ, ಏನೋ ಇರಬೇಕಾದದ್ದು ಇಲ್ಲ ಅನ್ನಿಸುತ್ತದೆ. ಗೋಡೆಗೊರಗಿಸಿದ ಡಬಲ್ ಬಾಸ್ ಇದೆ. ಒಂದು ಸ್ನೇರ್, ನೆಲದ ಮೇಲೊಂದು ಟಾಮ್‌ಟಾಮ್, ಸ್ಟ್ಯಾಂಡಿನ ಮೇಲೊಂದೇ ಸಿಂಬಲ್, ಒಂದು ಹೈಹ್ಯಾಟ್. ಡ್ರಮ್ ಸೆಟ್ಟು ಎನ್ನಲು ಸಂಕೋಚವಾಗುವಷ್ಟು ಕಡಿಮೆ ಸಾಮಾನು. ಪಿಯಾನೊ ಇಲ್ಲ.

ಜಾಜ್ ಕೇಳಿ ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಟ್ರಂಪೆಟ್ಟಿನವನೂ ಸ್ಯಾಕ್ಸೊಫೋನಿನವನೂ ಮನಸ್ಸಿಗೆ ಬಂದಲ್ಲಿ ಅಲೆದಾಡಲಿ, ಪಿಯಾನೊ ನುಡಿಸುವವನು ಪ್ರತಿ ತಿರುವಿನಲ್ಲೂ ಸ್ವರಗುಚ್ಛ ಒತ್ತಿ 'ನಾವೀಗ ಇಲ್ಲಿದ್ದೇವೆ' ಎಂದು ಗುರುತು ಹೇಳುತ್ತಿರುತ್ತಾನೆ. ಆ ಗುರುತು ಹೇಳುವವನನ್ನೇ ಇಲ್ಲಿ ಕೈಬಿಟ್ಟಿದ್ದಾರೆ. ಹೇಗಾಯಿತೆಂದರೆ, ಈ ಬೇಸಿಗೆಯಲ್ಲಿ ಹೇಗ್‌ಗೆ ರೆಡ್ ನಾರ್ವೋನ ಟ್ರಯೋ ಬರುವುದಿತ್ತು. ವೈಬ್ರಾಫೋನ್, ಗಿಟಾರ್, ಬಾಸ್ ಮೂರೇ ಆ ತಂಡದ ವಾದ್ಯ. ಪಿಯಾನೊ ಬೇಡವಾದ್ದರಿಂದ ಕ್ಲಬ್ಬಿನ ದೊಡ್ಡ ಪಿಯಾನೊವನ್ನು ಎತ್ತಿಸಿ ದಾಸ್ತಾನಿಗೆ ಕಳಿಸಿದರು. ನಾರ್ವೋ ತಂಡಕ್ಕೆ ರಜೆಯಿರುವ ಸೋಮವಾರದ ರಾತ್ರಿಗಳಲ್ಲಿ ನುಡಿಸುತ್ತಿದ್ದ ಸ್ಯಾಕ್ಸೊಫೋನ್ ವಾದಕ ಜೆರಿ ಮಲಿಗನ್‌ಗೆ ಬದಲಿಯಾಗಿ ಒಂದು ಗಿಡ್ಡ ಪಿಯಾನೊ ಕೊಡುತ್ತೇವೆ ಎಂದರು. ಅವನು ಬೇಡವೇ ಬೇಡ ಎಂದ.

ಆದರೆ ಬರೀ ಜಾಗದ ಕೊರತೆಯಿಂದ ಹುಟ್ಟಿದ ಸಂಗೀತ ಇದು ಎಂದು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ನ್ಯೂಯಾರ್ಕಿನಲ್ಲಿದ್ದಾಗಲೇ ಗೆಳತಿ ಗೇಲ್ ಮ್ಯಾಡನ್ ಜೊತೆ ಸೇರಿ ಮಲಿಗನ್ ಪಿಯಾನೊ ಬಿಟ್ಟು ನುಡಿಸುವ ಪ್ರಯೋಗ ಮಾಡಿದ್ದ. ಕೈಯಲ್ಲಿ ಕಾಸಿಲ್ಲದೆ, ಸಿಕ್ಕ ಸಿಕ್ಕ ಕಾರು ಲಾರಿಗಳಿಗೆ ಕೈ ಅಡ್ಡ ಹಿಡಿದು, ಅಮೆರಿಕದ ಆ ಕರಾವಳಿಯಿಂದ ಈ ಕರಾವಳಿಗೆ ಬಂದವರು ಅವರಿಬ್ಬರು. ಹೇಗ್‌ನ ಖಾಲಿ ಮೂಲೆ ಅವನ ತಲೆಯೊಳಗೆ ಆಗಲೇ ಇದ್ದ ಆಲೋಚನೆಗೆ ಎಡೆ ಮಾಡಿಕೊಟ್ಟಿತು, ಅಷ್ಟೆ.

ಈಗ ಬಂದರು. ಮುಂದೆ ಬರುವ ಉದ್ದನೆಯ, ಸಣಕಲು ಆಳು ಮಲಿಗನ್. ಕೆಂಚು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದಾನೆ. ವಯಸ್ಸು ಇಪ್ಪತ್ತೈದು. ಕೊರಳ ಪಟ್ಟಿಯಿಂದ ತೂಗುತ್ತಿರುವ ಬ್ಯಾರಿಟೋನ್ ಸ್ಯಾಕ್ಸೊಫೋನ್ ಅವನ ಮೈಯ ಅರ್ಧವನ್ನೇ ಮುಚ್ಚಿದೆ. ಐದಾರು ಕಿಲೋ ತೂಗುವ ಹಿತ್ತಾಳೆಯ ಕೊಳವೆ ಅದು. ಮೇಲ್ತುದಿಯಲ್ಲಿ ಸುರುಳಿ ಸುತ್ತಿ ಕೆಳಗಿಳಿದು ಮತ್ತೆ ಬಾಯಿ ತೆರೆದು ಮೇಲೆ ನೋಡುತ್ತದೆ. ಬಿಚ್ಚಿ ನೇರ ಮಾಡಿದರೆ ಎರಡು ಮೀಟರಿಗೂ ಮಿಕ್ಕಿ ಉದ್ದ. ದೊಡ್ಡ ಬ್ಯಾಂಡುಗಳಲ್ಲಿ ಇದನ್ನು ನುಡಿಸುವವನು ಸ್ಯಾಕ್ಸೊಫೋನ್ ಸಾಲಿನ ತುದಿಯಲ್ಲಿ ಕೂತು ಅಡಿಪಾಯದ ಸ್ವರ ಹಿಡಿದಿರಬೇಕು. ಡ್ಯೂಕ್ ಎಲಿಂಗ್ಟನ್ನನ ಬ್ಯಾಂಡಿನ ಹ್ಯಾರಿ ಕಾರ್ನಿಯಂಥ ಒಬ್ಬಿಬ್ಬರನ್ನು ಬಿಟ್ಟರೆ ಈ ವಾದ್ಯದವರ ಹೆಸರು ಜನಕ್ಕೆ ತಿಳಿದದ್ದು ಕಡಿಮೆ.

ಪಕ್ಕದಲ್ಲಿ ಟ್ರಂಪೆಟ್ ಹಿಡಿದು ನಿಂತವನು ಚೆಟ್ ಬೇಕರ್. ಒಕ್ಲಹೋಮದ ಯೇಲ್ ಎಂಬ ಊರಿನಲ್ಲಿ ಹುಟ್ಟಿದವನು, ಇನ್ನೂ ಇಪ್ಪತ್ತೆರಡು. ಸೈನ್ಯದ ಬ್ಯಾಂಡಿನಲ್ಲಿ ನುಡಿಸಿ ಬಿಟ್ಟುಬಂದವನು. ಈ ವರ್ಷವೇ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಪಶ್ಚಿಮ ಕರಾವಳಿಗೆ ಬಂದಾಗ, ಸಾಲುಗಟ್ಟಿದ್ದ ಟ್ರಂಪೆಟ್ಟಿನವರ ನಡುವೆ ಇವನನ್ನು ಆರಿಸಿಕೊಂಡಿದ್ದ. ನಕ್ಕರೆ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ, ಎಳವೆಯಲ್ಲೇ ಹೋದದ್ದು. ಅದಕ್ಕೇ ತುಟಿ ಮುಚ್ಚಿಕೊಂಡೇ ನಗುತ್ತಾನೆ. ಟ್ರಂಪೆಟ್ ಊದುವವನಿಗೆ ಮುಂದಿನ ಹಲ್ಲು ಎಂದರೆ ವಾದ್ಯದ ಅರ್ಧ ಭಾಗ. ಅದಿಲ್ಲದೆಯೂ ಇವನಿಗೆ ಇಂಥ ನಾದ ಹೇಗೆ ಬಂತೆಂದು ನೀವು ಮುಂದೆ ಬೆರಗಾಗುತ್ತೀರಿ.

ಬಾಸ್ ಎತ್ತಿಕೊಂಡವನು ಬಾಬ್ ವಿಟ್ಲಾಕ್. ಡ್ರಮ್ಮಿನ ಹಿಂದೆ ಚಿಕೊ ಹ್ಯಾಮಿಲ್ಟನ್. ನಾಲ್ವರಲ್ಲಿ ಹಿರಿಯ, ನಾಲ್ವರಲ್ಲಿ ಒಬ್ಬನೇ ಕರಿಯ, ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ವಾದ್ಯಗಾರರಾದ ಚಾರ್ಲ್ಸ್ ಮಿಂಗಸ್, ಬಡಿ ಕೊಲೆಟ್ ಇವನ ಹುಡುಗತನದ ಜೊತೆಗಾರರು. ಗಾಯಕಿ ಲೀನಾ ಹಾರ್ನ್‌ಗೆ ಡ್ರಮ್ ನುಡಿಸಿ ಪಳಗಿದ ಕೈ. ಹಾಡುವವರ ದನಿಯ ಮೇಲೆ ಒಂದು ಏಟೂ ಬೀಳದಂತೆ ನುಡಿಸುವುದನ್ನು ಅಲ್ಲಿ ಕಲಿತಿದ್ದಾನೆ. ಈ ರಾತ್ರಿ ಅವನು ಬಿಳಿಯರ ಜೊತೆ ಒಂದೇ ವೇದಿಕೆಯಲ್ಲಿದ್ದಾನೆ. ಆದರೆ ಈ ಊರಿನಲ್ಲಿ ವಾದ್ಯಗಾರರ ಸಂಘಗಳು ಇನ್ನೂ ಎರಡು: ಬಿಳಿಯರದು ಲೋಕಲ್ 47, ಕರಿಯರದು ಲೋಕಲ್ 767. ಬೇರೆ ಬೇರೆ ಕಚೇರಿ, ಬೇರೆ ಬೇರೆ ಸದಸ್ಯಪಟ್ಟಿ. ಅವೆರಡನ್ನೂ ಒಂದು ಮಾಡಬೇಕೆಂದು ಕೊಲೆಟ್‌ನಂಥವರು ಹೋರಾಡುತ್ತಿದ್ದಾರೆ. ಮುಂದಿನ ವರ್ಷ ಅದು ಕೈಗೂಡಲಿದೆ.

ಮಲಿಗನ್ ಬೆರಳು ಚಿಟಿಕೆ ಹೊಡೆದು ಲಯ ಕೊಡುತ್ತಾನೆ. 'ನೈಟ್ಸ್ ಅಟ್ ದ ಟರ್ನ್‌ಟೇಬಲ್', ಅವನದೇ ರಚನೆ. ಇದೇ ತಿಂಗಳು ಧ್ವನಿಮುದ್ರಣಕ್ಕೆ ಹೋಗಿರುವ ಹಾಡು. ಇಬ್ಬರೂ ಒಟ್ಟಿಗೆ ರಾಗ ಎತ್ತಿಕೊಂಡಾಗ ಮೊದಲು ಅಚ್ಚರಿಪಡಿಸುವುದು ಅದರ ಮೆತ್ತನೆ. ಟ್ರಂಪೆಟ್ ಎಂದರೆ ಮೆರವಣಿಗೆಯ ಮುಂದಿನ ವಾದ್ಯ ಎಂದುಕೊಂಡಿದ್ದವರಿಗೆ ಬೇಕರನ ದನಿ ಕೇಳಿ ನಂಬಿಕೆ ಬರುವುದಿಲ್ಲ. ಮೇಲಿನ ಸ್ಥಾಯಿಗೆ ಹತ್ತಿ ಕಿರುಚುವುದಿಲ್ಲ, ಸ್ವರವನ್ನು ನಡುಗಿಸುವುದಿಲ್ಲ. ಮಧ್ಯ ಸ್ಥಾಯಿಯಲ್ಲೇ ಮಾತಾಡುವಷ್ಟು ಮೆಲ್ಲಗೆ ಊದುತ್ತಾನೆ. ಎಷ್ಟು ಹತ್ತಿರವಿದ್ದೀರೆಂದರೆ ಸ್ವರ ಹುಟ್ಟುವ ಮುಂಚಿನ ಉಸಿರೂ ಕೇಳುತ್ತದೆ. ಇತ್ತ ಬ್ಯಾರಿಟೋನಿನ ರಂಧ್ರಗಳ ಮೇಲೆ ತೊಗಲಿನ ಪ್ಯಾಡುಗಳು ಬಿದ್ದೇಳುವ ಟಪಟಪ ಸದ್ದು. ದೊಡ್ಡ ಸಭಾಂಗಣದಲ್ಲಾಗಲಿ ಗ್ರಾಮಫೋನ್ ತಟ್ಟೆಯಲ್ಲಾಗಲಿ ಇದು ಸಿಗುವುದಿಲ್ಲ. ಮಂದ್ರದಲ್ಲಿ ಗುಡುಗಬೇಕಾದ ವಾದ್ಯವನ್ನು ಮಲಿಗನ್ ಅದರ ಮೇಲಿನ ಅಂಚಿಗೆ ಕರೆತಂದು, ಅಲ್ಲಿ ಗಾಳಿ ತೆಳುವಾಗಿ ಹಾಯಿಸಿ, ಹಗುರವಾಗಿ ಹೆಜ್ಜೆ ಹಾಕಿಸುತ್ತಾನೆ.

ಸ್ವಲ್ಪ ಹೊತ್ತು ಬಾಸ್ ಒಂದನ್ನೇ ಗಮನಿಸಿ. ಒಂದು ತಾಳದ ನಾಲ್ಕು ಎಣಿಕೆಗೂ ಒಂದೊಂದು ಸ್ವರ ಮೀಟುತ್ತಾ ವಿಟ್ಲಾಕ್ ನಡೆಯುತ್ತಿದ್ದಾನೆ. ಪಿಯಾನೊ ಇಲ್ಲದ ಈ ಮನೆಯಲ್ಲಿ ನೆಲ ಎಂದರೆ ಅವನೊಬ್ಬನೇ. ಅವನು ಆಧಾರ ಷಡ್ಜ ಹಿಡಿದ ಹೊತ್ತಿಗೆ ಟ್ರಂಪೆಟ್ಟು ಗಾಂಧಾರ ಮುಟ್ಟಿ, ಬ್ಯಾರಿಟೋನು ಕೆಳಗಿನಿಂದ ನಿಷಾದ ಹಿಡಿದರೆ ಸಾಕು, ಆ ಸ್ವರಗುಚ್ಛ ಯಾವುದೆಂದು ನಿಮ್ಮ ಕಿವಿಗೆ ಗೊತ್ತಾಗಿಬಿಡುತ್ತದೆ. ಕೋಮಲ ಗಾಂಧಾರವಾದರೆ ಒಂದು ಬಣ್ಣ, ಶುದ್ಧ ಗಾಂಧಾರವಾದರೆ ಇನ್ನೊಂದು. ಹತ್ತು ಬೆರಳು ಒತ್ತಿ ತೋರಿಸಬೇಕಾದದ್ದನ್ನು ಮೂರು ಸ್ವರ ಸೂಚಿಸುತ್ತವೆ, ಉಳಿದದ್ದನ್ನು ಕೇಳುವವನ ಕಿವಿ ತುಂಬಿಕೊಳ್ಳುತ್ತದೆ. ಇದು ನಡೆಯಬೇಕಾದರೆ ಮೂವರೂ ಪ್ರತಿ ಕ್ಷಣ ಒಬ್ಬರನ್ನೊಬ್ಬರು ಆಲಿಸುತ್ತಿರಲೇಬೇಕು. ಬೇಕರ್ ಗಾಂಧಾರ ಬಿಟ್ಟು ಇಳಿದನೋ, ಮಲಿಗನ್ ಅದನ್ನು ಎತ್ತಿಕೊಳ್ಳಬೇಕು. ಇಬ್ಬರೂ ಒಂದೇ ಸ್ವರಕ್ಕೆ ಬಂದು ಕೂತರೆ ಆ ಜಾಗ ಬಡವಾಗುತ್ತದೆ. ಒಬ್ಬ ತಪ್ಪಿದರೆ ಮುಚ್ಚಿಹಾಕಲು ಹಿಂದೆ ಯಾರೂ ಇಲ್ಲ.

ಈ ಬಗೆಯ ಜಾಜ್ ಮೇಲೆ ಅಂಟಿಸಿದ 'ಕೂಲ್' ಎಂಬ ಹಣೆಪಟ್ಟಿ ನೋಡಿ ಇದನ್ನು ತಣ್ಣನೆಯ, ಭಾವವಿಲ್ಲದ ಸಂಗೀತ ಎನ್ನುವವರಿದ್ದಾರೆ. ಅವರು ಈ ಮೇಜಿಗೆ ಬಂದು ಕೂರಬೇಕು. ಮಲಿಗನ್ನನ ಹುಬ್ಬು ನೋಡಿ. ಅವನು ಸುಮ್ಮನೆ ನಿಂತಿರುವಾಗಲೂ ಕಣ್ಣು ಬೇಕರನ ಬೆರಳ ಮೇಲಿದೆ. ಅಲ್ಲಿ ನಡೆಯುತ್ತಿರುವುದು ಸೆಖೆ ಹತ್ತುವಷ್ಟು ತೀವ್ರವಾದ ಗಮನ. ಆ ಗಮನಕ್ಕೆ ಆರ್ಭಟ ಅಡ್ಡಿ. ಅದಕ್ಕೇ ಇವರು ಮೆಲ್ಲಗೆ ನುಡಿಸುತ್ತಾರೆ.

ಈ ಸಂಗೀತದ ಬೇರು ನ್ಯೂಯಾರ್ಕಿನದು. ಗಿಲ್ ಇವಾನ್ಸ್ ಎಂಬ ಸಂಗೀತ ಸಂಯೋಜಕ ಪಶ್ಚಿಮ 55ನೇ ಬೀದಿಯಲ್ಲಿ, ಚೀನೀ ಲಾಂಡ್ರಿಯೊಂದರ ಹಿಂದೆ, ನೆಲಮಾಳಿಗೆಯ ಕೋಣೆಯಲ್ಲಿ ವಾಸಿಸುತ್ತಿದ್ದ. ಅಲ್ಲಿಗೆ ಹೊತ್ತುಗೊತ್ತಿಲ್ಲದೆ ಬಂದುಹೋಗುತ್ತಿದ್ದವರ ಮಾತುಕತೆಯಿಂದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ ಒಂಬತ್ತು ಜನರ ತಂಡ ಹುಟ್ಟಿತು. 1949 ಮತ್ತು 1950ರಲ್ಲಿ ಅವರು ಕ್ಯಾಪಿಟಲ್ ಕಂಪನಿಗೆ ನುಡಿಸಿದ ಹಾಡುಗಳೇ ಮುಂದೆ 'ಬರ್ತ್ ಆಫ್ ದ ಕೂಲ್' ಎಂಬ ಹೆಸರಿನಲ್ಲಿ ಒಟ್ಟಾದದ್ದು. ಅದರಲ್ಲಿ ಬ್ಯಾರಿಟೋನ್ ಮಲಿಗನ್ನನದು, ಹಲವು ಹಾಡುಗಳ ಸಂಯೋಜನೆಯೂ ಅವನದೇ. ಫ್ರೆಂಚ್ ಹಾರ್ನ್, ಟ್ಯೂಬಾ ಎಲ್ಲ ಇದ್ದ ಆ ದಟ್ಟವಾದ ಬಣ್ಣವನ್ನು ಅವನು ಈಗ ನಾಲ್ಕೇ ಗೆರೆಗಳಿಗೆ ಇಳಿಸಿದ್ದಾನೆ. ಹೊಟ್ಟೆಪಾಡಿಗೆಂದು ಸ್ಟಾನ್ ಕೆಂಟನ್ನನ ಭಾರೀ ಬ್ಯಾಂಡಿಗೂ ಹಾಡು ಬರೆದುಕೊಡುತ್ತಿದ್ದಾನೆ. ಇಪ್ಪತ್ತರ ಹತ್ತಿರ ಜನರ ಆ ಬ್ಯಾಂಡಿಗಿಂತ ಈ ನಾಲ್ವರೇ ನನಗೆ ಹೆಚ್ಚು ವಿಶಾಲವಾಗಿ ಕೇಳುತ್ತಾರೆ, ಏಕೆಂದರೆ ಇಲ್ಲಿ ಸ್ವರ ಸ್ವರದ ನಡುವೆ ಜಾಗವಿದೆ.

ಹಿಂದಿನ ಮೇಜಿನಲ್ಲಿ ಯಾರೋ ಜೋರಾಗಿ ನಗುತ್ತಾರೆ. ಗ್ಲಾಸಿನ ಐಸು ಕಿಣಿಗುಟ್ಟುತ್ತದೆ. ಹಾಡು ಮುಗಿದೊಡನೆ ಮಲಿಗನ್ ಮೈಕಿನ ಹತ್ತಿರ ಬಂದು ಆ ಕಡೆಗೇ ನೋಡುತ್ತಾನೆ. ಮಾತಾಡುವ ಸಭಿಕರನ್ನು ಬಿಡುವ ಜಾಯಮಾನ ಅವನದಲ್ಲ, ಈ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು. ಕುಡಿಯಲು ಬಂದವರಿಗೆ ಪಾಠ ಹೇಳುತ್ತಾನೆ ಎಂದು ಮುನಿಸಿಕೊಳ್ಳುವವರೂ ಇದ್ದಾರೆ. ಅವನು ಮಾಡುವುದೇ ಸರಿ. ಒಂದು ಸ್ವರ ಕೇಳಿಸದೆ ಹೋದರೆ ಇಡೀ ಸ್ವರಗುಚ್ಛವೇ ಹೋಗುವ ಸಂಗೀತದಲ್ಲಿ ಹಿಂದಿನ ಮೇಜಿನ ನಗೆ ಐದನೆಯ ವಾದ್ಯವಾಗಿಬಿಡುತ್ತದೆ.

ಸದ್ದಡಗಿದ ಮೇಲೆ 'ಮೈ ಫನ್ನಿ ವ್ಯಾಲಂಟೈನ್'. ರಾಜರ್ಸ್ ಮತ್ತು ಹಾರ್ಟ್ ಜೋಡಿ 1937ರ ಸಂಗೀತ ನಾಟಕವೊಂದಕ್ಕೆ ಬರೆದ ಹಾಡು. ಕಳೆದ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊದ ಬ್ಲಾಕ್ ಹಾಕ್ ಕ್ಲಬ್ಬಿನಲ್ಲಿ ನುಡಿಸಲು ಹೋದಾಗ ಫ್ಯಾಂಟಸಿ ಕಂಪನಿಗೆ ಇದನ್ನು ಧ್ವನಿಮುದ್ರಿಸಿಕೊಟ್ಟು ಬಂದಿದ್ದಾರೆ. ಬಾಸು ಒಂದೊಂದೇ ಮೆಟ್ಟಿಲು, ಅರ್ಧ ಅರ್ಧ ಸ್ವರದಂತೆ ಇಳಿಯುತ್ತಾ ಬರುತ್ತದೆ. ಅದರ ಮೇಲೆ ಬೇಕರ್ ಹಾಡಿನ ಧಾಟಿಯನ್ನು ಹೆಚ್ಚೇನೂ ಅಲಂಕರಿಸದೆ ಇದ್ದಂತೆಯೇ ಇಡುತ್ತಾನೆ. ಚಿಕೊ ಬ್ರಷ್ಷನ್ನು ಸ್ನೇರ್‌ನ ತೊಗಲಿನ ಮೇಲೆ ವೃತ್ತಾಕಾರದಲ್ಲಿ ಸವರುತ್ತಿದ್ದಾನೆ. ಏಟು ಎನ್ನುವುದೇ ಇಲ್ಲ. ಮಲಿಗನ್ ಬಹಳ ಹೊತ್ತು ಕಾಯುತ್ತಾನೆ. ಆಮೇಲೆ ಕೆಳಗಿನಿಂದ ಒಂದು ಉದ್ದನೆಯ ಸ್ವರ. ಬೇಕರನ ಧಾಟಿ ಅದೇ ಇದ್ದರೂ ಅದರ ಅರ್ಥವೇ ಬದಲಾದ ಹಾಗೆ ತೋರುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕನ ಬೆನ್ನಿಗೆ ಅವನು ಹಾಡಿದ್ದನ್ನೇ ನೆರಳಿನಂತೆ ನುಡಿಯುತ್ತದಲ್ಲ, ಇದು ಹಾಗಲ್ಲ. ಕೆಳಗಿನ ದನಿಗೆ ತನ್ನದೇ ದಾರಿಯಿದೆ. ಅದು ಮೇಲಿನ ದನಿ ನಿಂತಲ್ಲಿ ಚಲಿಸುತ್ತದೆ, ಚಲಿಸುವಲ್ಲಿ ನಿಲ್ಲುತ್ತದೆ.

ಬೇಕರನಿಗೆ ಸ್ವರಗುಚ್ಛಗಳ ಹೆಸರು ಹೇಳಿ ಶಾಸ್ತ್ರ ಒಪ್ಪಿಸುವುದು ಒಗ್ಗುವುದಿಲ್ಲ. ಅವನದು ಕಿವಿಯ ವಿದ್ಯೆ. ಮಲಿಗನ್ ಬರೆದು ಎಣಿಸಿ ಕಟ್ಟುವ ಮನುಷ್ಯ. ಈ ಇಬ್ಬರೂ ವೇದಿಕೆಯ ಹೊರಗೆ ಅಷ್ಟೇನೂ ಹೊಂದಿಕೊಂಡು ಹೋಗುವವರಲ್ಲ. ಮುಂದಿನ ವರ್ಷ ಮಲಿಗನ್ ಮಾದಕವಸ್ತು ಪ್ರಕರಣದಲ್ಲಿ ಕೆಲವು ತಿಂಗಳು ಸೆರೆಮನೆ ಸೇರುತ್ತಾನೆ. ಬಿಡುಗಡೆಯಾಗಿ ಬರುವ ಹೊತ್ತಿಗೆ ಬೇಕರ್ ತನ್ನದೇ ತಂಡ ಕಟ್ಟಿ ಹೆಸರು ಮಾಡಿರುತ್ತಾನೆ, ಸಂಬಳದ ಮಾತಿಗೆ ಇಬ್ಬರ ದಾರಿ ಬೇರೆಯಾಗುತ್ತದೆ. ಎಲ್ಲ ಸೇರಿ ಒಂದು ವರ್ಷದ ಆಸುಪಾಸಿನ ಸಹವಾಸ. ಆದರೂ ಜಾಜ್‌ನಲ್ಲಿ ಎರಡು ದನಿಗಳ ಮಾತುಕತೆಯೆಂದರೆ ಇಂದಿಗೂ ಜನ ಹೇಳುವುದು ಈ ಜೋಡಿಯ ಹೆಸರನ್ನೇ.

ವಿರಾಮ. ಬಾಗಿಲ ಬಳಿ ನಿಂತು ಜನರನ್ನು ಎಣಿಸುವಂತೆ ನೋಡುತ್ತಿರುವ ತರುಣ ರಿಚರ್ಡ್ ಬಾಕ್. ಕ್ಲಬ್ಬಿನ ಪ್ರಚಾರದ ಕೆಲಸ ಅವನದು, ಸೋಮವಾರದ ರಾತ್ರಿಗಳನ್ನು ಏರ್ಪಡಿಸಿದವನೂ ಅವನೇ. ಡ್ರಮ್ ಅಂಗಡಿ ಇಟ್ಟುಕೊಂಡಿರುವ ರಾಯ್ ಹಾರ್ಟ್ ಜೊತೆ ಸೇರಿ ಒಂದು ರೆಕಾರ್ಡ್ ಕಂಪನಿ ಶುರುಮಾಡಿದ್ದಾನೆ. ಹೆಸರು ಪೆಸಿಫಿಕ್ ಜಾಜ್. ಕಂಪನಿ ಅಂದರೆ ಸ್ಟುಡಿಯೊ, ಕಚೇರಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಆಗಸ್ಟ್ 16ರಂದು ಈ ನಾಲ್ವರೂ ಲಾರೆಲ್ ಕ್ಯಾನ್ಯನ್ ಗುಡ್ಡದ ಮೇಲೆ, ಫಿಲ್ ಟ್ಯುರೆಟ್‌ಸ್ಕಿ ಎಂಬ ಧ್ವನಿ ಎಂಜಿನಿಯರನ ಮನೆಗೆ ವಾದ್ಯ ಹೊತ್ತುಕೊಂಡು ಹೋದರು. ಟೇಪ್ ರೆಕಾರ್ಡರ್ ತಿರುಗಿತು. 'ಬರ್ನೀಸ್ ಟ್ಯೂನ್', 'ಲಲಬಿ ಆಫ್ ದ ಲೀವ್ಸ್' ಎರಡು ಹಾಡು, ಒಂದೊಂದೂ ಮೂರು ನಿಮಿಷದಷ್ಟು. ಕಂಪನಿಯ ಮೊದಲ ತಟ್ಟೆ ಅದು. ವಾಸದ ಮನೆಯಲ್ಲಿ ಧ್ವನಿಮುದ್ರಿಸಿದ್ದು ಅನುಕೂಲಕ್ಕೇ ಆಯಿತು. ದೊಡ್ಡ ಹಾಲಿನ ಮಾರ್ದನಿ ಇಲ್ಲದ ಕಾರಣ ನಾಲ್ಕು ಗೆರೆಗಳೂ ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಕೇಳುತ್ತವೆ.

ಬಾಕ್‌ನ ಜೊತೆ ಮಾತಾಡುತ್ತಾ ನಿಂತಿರುವ ಬಲು ಎತ್ತರದ ಹುಡುಗ ವಿಲಿಯಂ ಕ್ಲಾಕ್ಸ್‌ಟನ್. ಕಾಲೇಜು ವಿದ್ಯಾರ್ಥಿ, ಕೊರಳಲ್ಲಿ ಕ್ಯಾಮೆರಾ. ಇಲ್ಲಿ ಫೋಟೊ ತೆಗೆಯಬಹುದೇ ಎಂದು ಕೇಳಿದವನಿಗೆ, ತಟ್ಟೆಯ ಹೊದಿಕೆಗೂ ಫೋಟೊ ಬೇಕಲ್ಲ ಎಂದು ಬಾಕ್ ಕೆಲಸವನ್ನೇ ಕೊಟ್ಟಿದ್ದಾನೆ. ಮನೆಯ ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುವಾಗ, ರಾಸಾಯನಿಕದ ತಟ್ಟೆಯಲ್ಲಿ ಕಾಗದದ ಮೇಲೆ ನಿಧಾನವಾಗಿ ಮೂಡಿಬಂದ ಬೇಕರನ ಮುಖ ಕಂಡಾಗಲೇ ಕೆಲವು ಮುಖಗಳಿಗೆ ಕ್ಯಾಮೆರಾ ಒಲಿಯುವುದು ಏನೆಂದು ತನಗೆ ಅರ್ಥವಾಯಿತೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ಎದುರು ಕೂತ ನಿಮಗೆ ಕಾಣುವುದು ಅಂಥ ಸಿನಿಮಾ ನಟನ ರೂಪವೇನಲ್ಲ. ಬೆವರಿದ ಹಣೆಯ ಮೇಲೆ ಕೂದಲು ಬಿದ್ದಿರುವ, ಮಾತು ಕಡಿಮೆಯ ಹುಡುಗ. ಆ ಫೋಟೊಗಳು ಅವನಿಗೆ ತಂದುಕೊಟ್ಟ ಹೆಸರು ಅವನ ವಾದನವನ್ನೇ ಎಷ್ಟೋ ಸಲ ಮರೆಮಾಡಿತಲ್ಲ ಎಂಬ ಸಂಕಟ ನನಗಿದೆ. ಬರೀ ಕಿವಿಯಿಂದ ಮಲಿಗನ್ನನಂಥ ಲೆಕ್ಕಾಚಾರದವನಿಗೆ ಸರಿಸಮನಾಗಿ ನಿಲ್ಲುವುದು ಮುಖದ ಚೆಲುವಿಂದ ಆಗುವ ಕೆಲಸವಲ್ಲ.

ಮತ್ತೆ ವೇದಿಕೆ. 'ಬರ್ನೀಸ್ ಟ್ಯೂನ್' ಎತ್ತಿಕೊಂಡ ಕೂಡಲೇ ಕ್ಲಬ್ಬಿನಲ್ಲೆಲ್ಲ ಕುರ್ಚಿ ಸರಿದ ಸದ್ದು. ತಟ್ಟೆ ಕೇಳಿ ಬಂದವರು ಇದಕ್ಕಾಗಿಯೇ ಕಾದಿದ್ದರು. ಚುರುಕು ನಡೆಯ, ಮೈನರ್ ಕೀಯ ಹಾಡು. ಜೋಡಿಯಾಗಿ ಧಾಟಿ ಹೇಳುತ್ತಾರೆ, ಮಲಿಗನ್ ಒಂದು ಸುತ್ತು, ಬೇಕರ್ ಒಂದು ಸುತ್ತು. ಅಲ್ಲಿಗೆ ಬೇರೆ ತಂಡವಾದರೆ ಮತ್ತೆ ಧಾಟಿಗೆ ಬಂದು ಮುಗಿಸುತ್ತಿತ್ತು. ಇವರು ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ಬರೆದಿಟ್ಟದ್ದೇನೂ ಅಲ್ಲ, ಆ ಕ್ಷಣದಲ್ಲೇ ಹುಟ್ಟಿದ್ದು. ಒಬ್ಬನ ವಾಕ್ಯದ ಬಾಲ ಇನ್ನೊಬ್ಬನ ವಾಕ್ಯದ ತಲೆಯಾಗುತ್ತದೆ. ಹಳೆಯ ನ್ಯೂ ಆರ್ಲಿಯನ್ಸ್‌ನ ವಾದ್ಯಗಾರರು ಹೀಗೆ ಎಲ್ಲರೂ ಒಟ್ಟಿಗೆ ಕಲ್ಪಿಸಿಕೊಂಡು ನುಡಿಸುತ್ತಿದ್ದರು. ಆಮೇಲಿನ ತಲೆಮಾರುಗಳು ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ರೂಢಿಗೆ ಬಿದ್ದವು. ಹೊಸತೆಂದು ಎಲ್ಲರೂ ಮೆಚ್ಚುತ್ತಿರುವ ಈ ತಂಡ ನಿಜವಾಗಿ ಹಳೆಯದೊಂದನ್ನು ಮರಳಿ ಬೆಳಕಿಗೆ ತಂದಿದೆ. ಇದೆಲ್ಲದರ ನಡುವೆ ಚಿಕೊಗೆ ಕೆಲವು ಮಾತ್ರೆ ಒಂಟಿಯಾಗಿ ಸಿಗುತ್ತದೆ. ಆ ನಾಲ್ಕು ಸಾಮಾನಿನಲ್ಲೇ ಅವನು ಹಾಡಿನ ಆಕಾರ ಬಿಡಿಸಿ ತೋರಿಸಿ ವಾಪಸು ಒಪ್ಪಿಸುತ್ತಾನೆ. ಈ ಸಂಗೀತವನ್ನು ಬಿಳಿಯರ ಸಂಗೀತ ಎಂದು ಮುಂದೆ ಬರೆಯುವವರು ಇವನ ಕೈಯನ್ನು ಕೇಳಿಸಿಕೊಂಡಿರಲಾರರು.

ಈಗ ಬೇಕರ್ ಮಲಿಗನ್ ಕಡೆ ತಿರುಗಿ ಏನೋ ಹೇಳುತ್ತಾನೆ, ಮಲಿಗನ್ ತಲೆ ಅಲ್ಲಾಡಿಸುತ್ತಾನೆ. 'ಫ್ರೀವೇ'. ಬೇಕರನದೇ ರಚನೆ. ಊರಿನ ತುಂಬ ಹೊಸ ಹೊಸ ಫ್ರೀವೇಗಳು ಏಳುತ್ತಿರುವ ಕಾಲ, ಈ ಹುಡುಗನಿಗೋ ಕಾರಿನ ವೇಗದ ಹುಚ್ಚು. ಲಯ ಎಣಿಸುವಾಗಲೇ ನಿಮ್ಮ ಎದೆ ಹಾರುತ್ತದೆ, ಈ ವೇಗದಲ್ಲಿ ಈ ದೊಡ್ಡ ಕೊಳವೆ ಹೇಗೆ ಓಡೀತು? ಓಡುತ್ತದೆ. ವಿಟ್ಲಾಕ್‌ನ ಬೆರಳುಗಳು ತಂತಿಯ ಮೇಲೆ ಕಾಣದಷ್ಟು ಬೇಗ ಸರಿಯುತ್ತಿವೆ, ಚಿಕೊನ ಸಿಂಬಲ್ ಒಂದೇ ಗೆರೆಯಾಗಿ ಸುರಿಯುತ್ತಿದೆ. ಬೇಕರ್ ಈಗಲೂ ದನಿ ಏರಿಸಿಲ್ಲ. ಅದೇ ಮಧ್ಯ ಸ್ಥಾಯಿ, ಅದೇ ಮೆತ್ತಗಿನ ಅಂಚು, ಒಂದು ಸ್ವರವೂ ಒರಟಾಗುವುದಿಲ್ಲ. ಮಲಿಗನ್ ಎರಡೇ ಸ್ವರದಲ್ಲಿ ಅವನ ಹಿಂದೆ ಒಂದು ಕೊಂಕು ಹಾಕುತ್ತಾನೆ. ಬೇಕರ್ ಅದನ್ನು ಹಿಡಿದು ತಿರುಗಿಸಿ ವಾಪಸು ಎಸೆಯುತ್ತಾನೆ. ಮಲಿಗನ್ ಬಾಯಲ್ಲಿ ರೀಡು ಕಚ್ಚಿಕೊಂಡೇ ನಗುತ್ತಾನೆ. ಇಡೀ ಕ್ಲಬ್ಬು ಕಾಲು ತಟ್ಟುತ್ತಿದೆ. ಬಾಗಿಲ ಬಳಿ ಮುಂದಿನ ಸರದಿಗೆ ಕಾದವರು ಒಬ್ಬರ ಹೆಗಲ ಮೇಲಿಂದೊಬ್ಬರು ಇಣುಕುತ್ತಿದ್ದಾರೆ. ಕುರ್ಚಿ ಬಿಟ್ಟು ಏಳಬೇಡಿ, ಎದ್ದರೆ ಜಾಗ ಹೋಯಿತು. ಮಲಿಗನ್ ಬ್ಯಾರಿಟೋನಿನ ಬಾಯನ್ನು ಬೇಕರನ ಕಡೆಗೆ ತಿರುಗಿಸಿ ಇನ್ನೊಂದು ಸುತ್ತಿಗೆ ಕರೆಯುತ್ತಿದ್ದಾನೆ.